ಗಂಟೆರಾಯನ ಗಟ್ಟಿ ಗುಂಡಿಗೆ

ಕಟ್ಟಡಗಳಿಗೆ ಬೆಂಕಿಯ ಎಚ್ಚರಿಕೆ ಗಂಟೆ ಕೂರಿಸುವುದು ಅವನ ಕಸುಬು. ನೆರೆಹೊರೆಗೆಲ್ಲ ಅವನು ಗಂಟೆರಾಯ. ಹನ್ನೆರಡು ವರ್ಷ ಸೈರನ್ನುಗಳ ಬಾಯಿಗೆ ಕಿವಿಯೊಡ್ಡಿದ ಮಹಾಶೂರ, ನಾಲ್ಕು ತಿಂಗಳ ಕೂಸಿನ ಅಳುವಿಗೆ ಹೆದರುವನೇ?

ಹೆರಿಗೆ ರಜೆ ಮುಗಿಸಿದ ಹೆಂಡತಿ ಎದುರು ರಸ್ತೆಯ ಲ್ಯಾಬಿಗೆ ಹೊರಟಿದ್ದಳು. ಹಾರ್ಮೋನು ಪರೀಕ್ಷೆ ಅವಳ ಕೆಲಸ.

"ಮಗು ಅತ್ರೆ ಅಮ್ಮನ ಮಿದುಳು ತಟ್ಟನೆ ಎದ್ದು ಕೂರುತ್ತೆ. ಆಕ್ಸಿಟೋಸಿನ್ ಅಂತ ಒಂದು ಹಾರ್ಮೋನು, ಅದರ ಕಿತಾಪತಿ. ದಿನಾ ಎತ್ತಿ ಆಡಿಸೋ ಅಪ್ಪನ್ನೂ ಬಿಡಲ್ಲ, ಹುಷಾರು!"

"ನನಗಾ? ನನ್ನ ಗುಂಡಿಗೆ ಕಬ್ಬಿಣದ್ದು ಕಣೇ! ನೆಮ್ಮದಿಯಾಗಿ ಹೋಗು!"

ಅವಳು ಹೋಗಿ ಅರ್ಧ ಗಂಟೆಯಾಗಿತ್ತು. ಕೂಸು ಕೋಣೆಯಲ್ಲಿ ಮಲಗಿತ್ತು. ಅಡುಗೆಮನೆಯಲ್ಲಿ ಹಾಲಿನ ಬಾಟಲಿ ತೊಳೆಯುತ್ತಿದ್ದವನಿಗೆ ಅಳು ಕೇಳಿತು. ಬಾಟಲಿ ಕೈಜಾರಿತು. ಅಳು ಬರುತ್ತಿದ್ದುದು ಮೆಟ್ಟಿಲ ಕಡೆಯಿಂದ! ಅಯ್ಯೋ, ಯಾರೋ ಕೂಸನ್ನು ಎತ್ತಿಕೊಂಡು ಹೋಗುತ್ತಿದ್ದಾರೆ! ಕೋಣೆಗೆ ಇಣುಕುವಷ್ಟು ಬುದ್ಧಿಯೂ ಉಳಿಯದೆ ಬರಿಗಾಲಲ್ಲಿ ಹೊರಗೋಡಿದ.

ಮೇಲಿನ ಮನೆಯ ಟೈಲರಜ್ಜಿ ಮೊಮ್ಮಗನನ್ನು ಸೊಂಟಕ್ಕೇರಿಸಿಕೊಂಡು ಇಳಿಯುತ್ತಿದ್ದಳು. ಅಳುತ್ತಿದ್ದುದು ಆ ಪುಣ್ಯಾತ್ಮ! ಅಷ್ಟರಲ್ಲಿ ಹಿಂದೆ ಬಾಗಿಲು ಟಪ್ಪೆಂದಿತು. ಕರೆಂಟಿನ ಬೀಗ ತಾನಾಗಿ ಬಿದ್ದಿತ್ತು. ಅದನ್ನು ತೆರೆಯುವ ಕಾರ್ಡು ಒಳಗೆ, ಫೋನು ಒಳಗೆ, ಕೂಸೂ ಒಳಗೆ.

ಬಾಗಿಲಿಗೆ ಕಿವಿಯಿಟ್ಟ. ಸದ್ದೇ ಇಲ್ಲ. ಗಂಟೆ ಹೊಡೆದುಕೊಂಡರೆ ರಿಪೇರಿಯವನಿಗೆ ಭಯವಿಲ್ಲ. ಸುಮ್ಮನಾಗಿಬಿಟ್ಟರೆ ಜೀವ ಬಾಯಿಗೆ ಬರುತ್ತದೆ.

"ಅಜ್ಜೀ, ಒಳಗೆ ಉಸಿರೇ ಕೇಳಿಸ್ತಿಲ್ಲ!"

"ಮಲಗಿರೋ ಮಗು ಭಾಷಣ ಮಾಡುತ್ತೇನಪ್ಪಾ?"

ಅದು ಅವನ ತಲೆಗೆ ಹೋಗಲಿಲ್ಲ. ಬೆಂಕಿ ಗಂಟೆ ಒತ್ತಿದರೆ ಕಟ್ಟಡದ ಬೀಗಗಳೆಲ್ಲ ತೆರೆದುಕೊಳ್ಳುತ್ತವೆ. ಆ ಏರ್ಪಾಟು ಮಾಡಿದವನೇ ಅವನು. ಗೋಡೆಯ ಕೆಂಪು ಬಟನ್ನಿಗೆ ಮುಷ್ಟಿಯಿಂದ ಗುದ್ದಿದ!

ನಾಲ್ಕೂ ಅಂತಸ್ತು ಅರಚಿಕೊಂಡವು. ಅರ್ಧ ಮುಖಕ್ಕೆ ಸೋಪು ಮೆತ್ತಿಕೊಂಡಿದ್ದ ಡ್ರಾಯಿಂಗ್ ಮೇಷ್ಟ್ರು ಟವೆಲ್ಲಿನಲ್ಲೇ ಓಡಿಬಂದರು. "ಬೆಂಕಿ ಎಲ್ರೀ? ಎಲ್ಲಿ?" ಗಂಟೆರಾಯ ಅವರನ್ನು ಪಕ್ಕಕ್ಕೆ ತಳ್ಳಿ, ಬೀಗ ಬಿಟ್ಟುಕೊಂಡ ಬಾಗಿಲು ದಾಟಿ ಕೋಣೆಗೆ ನುಗ್ಗಿದ.

ಕೂಸು ಸುಖನಿದ್ರೆಯಲ್ಲಿತ್ತು! ಹುಟ್ಟಿದಾಗಿನಿಂದ ಅಪ್ಪ ಮನೆಯಲ್ಲೇ ಸೈರನ್ನು ಪರೀಕ್ಷಿಸುತ್ತಿದ್ದುದರಿಂದ ಅದಕ್ಕೆ ಅದೇ ಜೋಗುಳ. ಮೂಗಿನ ಬಳಿ ಬೆರಳಿಟ್ಟ. ಬೆಚ್ಚಗಿನ ಉಸಿರು. ಅಷ್ಟು ಸಾಕಾಯಿತು, ಮಹಾಶೂರ ತೊಟ್ಟಿಲ ಪಕ್ಕ ಕುಸಿದು ಗೊಳೋ ಎಂದು ಅತ್ತ. ಆ ಸ್ವರ ಮಾತ್ರ ಕೂಸಿಗೆ ಹೊಸದು. ಬೆಚ್ಚಿ ಎದ್ದು ಅದೂ ಶುರುಮಾಡಿತು.

ಸೈರನ್ನು ಕೇಳಿ ಬಿಳಿ ಕೋಟಿನಲ್ಲೇ ಓಡಿಬಂದ ಹೆಂಡತಿ ಇಬ್ಬರನ್ನೂ ನೋಡಿ, ಏದುಸಿರು ಬಿಡುತ್ತಾ ಕೇಳಿದಳು:

"ಮೊದಲು ಯಾರನ್ನ ಎತ್ಕೊಳ್ಳಲಿ?"