ಚಿಲಕಕ್ಕೂ ಕೊಸರು

ಮಂಗಳೂರು ಬಂದರನ್ನು ಬೆಳೆಸಿದವರು ಯಾರು? ಸರ್ಕಾರ ಎನ್ನುತ್ತೀರಿ. ತಪ್ಪು! ನನ್ನ ಸೋದರಮಾವ. ಅದೂ ಶಿವಮೊಗ್ಗದ ಗಾಂಧಿ ಬಜಾರಿನ ಅಂಗಡಿಯಲ್ಲಿ ಕುಳಿತು, ಸಮುದ್ರವನ್ನು ಒಮ್ಮೆಯೂ ನೋಡದೆ!

ಮಾವ ಚಿಲಕದ ವ್ಯಾಪಾರಿ. ಭದ್ರಾವತಿಯ ಸಣ್ಣ ಶೆಡ್ಡುಗಳಲ್ಲಿ ಅವರು ತ್ರಿಶೂಲದ ಗುರುತು ಒತ್ತಿಸಿ ಮಾಡಿಸಿದ ಕಬ್ಬಿಣದ ಚಿಲಕಗಳು ತೊಂಬತ್ತರ ದಶಕದಲ್ಲಿ ಲಾರಿ ಹತ್ತಿ ಘಾಟಿ ಇಳಿಯುತ್ತಿದ್ದವು. ಬಂದರಿನ ಸುತ್ತ ಗೋದಾಮು, ಲಾಡ್ಜು, ಕ್ವಾರ್ಟರ್ಸು ಏಳುತ್ತಿದ್ದ ಕಾಲ. ಬಾಗಿಲಿದ್ದಲ್ಲೆಲ್ಲ ಚಿಲಕ ಬೇಕಲ್ಲ! ಅಷ್ಟಕ್ಕೇ ಅದು ಮಾವನ ಬಾಯಲ್ಲಿ ‘ನಮ್ಮ ಬಂದರು’ ಆಯಿತು. ಬೆಳಿಗ್ಗೆ ವಿಭೂತಿ ಹಚ್ಚಿಕೊಂಡು ಅವರು ಮೊದಲು ಓದುತ್ತಿದ್ದದ್ದು ಹಡಗುಗಳ ಸುದ್ದಿ. ತುಂಗಾ ಸೇತುವೆಯ ಮೇಲೆ ನಿಂತು ಉಬ್ಬರವಿಳಿತದ ಬಗ್ಗೆ ಉಪನ್ಯಾಸ ಬೇರೆ. ಅರಬ್ಬೀ ಸಮುದ್ರದಲ್ಲಿ ವಾಯುಭಾರ ಕುಸಿಯಿತೆಂದರೆ ಮನೆಯಲ್ಲಿ ಅತ್ತೆ ಬಡಿಸಿದ ರೊಟ್ಟಿ ತಣ್ಣಗಾಗುತ್ತಿತ್ತು.

ಇದಕ್ಕಿಂತ ದೊಡ್ಡ ಹುಚ್ಚು ಕೊಸರಿನದು. ಸೊಪ್ಪಿನವಳು ಮೇಲೊಂದು ಹಿಡಿ ಹಾಕುತ್ತಾಳೆ, ಹೂವಿನವಳು ಮೊಳದ ಮೇಲೆ ನಾಲ್ಕು ಬೆರಳು ಬಿಡುತ್ತಾಳೆ, ಒಪ್ಪೋಣ. ಡಜನ್ ಚಿಲಕಕ್ಕೆ ಹದಿಮೂರನೆಯದನ್ನು ಕೊಸರು ಹಾಕುವವರನ್ನು ಕಂಡಿದ್ದೀರಾ? ಇದು ಕೊತ್ತಂಬರಿ ಸೊಪ್ಪಲ್ಲ ಸಾಮಿ ಎಂದು ಭದ್ರಾವತಿಯ ಶೆಡ್ಡಿನ ತಮಿಳು ಯಜಮಾನ ತಲೆ ಚಚ್ಚಿಕೊಂಡ.

“ಮಲ್ಲಿಗೆಗೆ ಕೊಸರು ಇದೆ, ಕಬ್ಬಿಣ ಏನು ಪಾಪ ಮಾಡಿದೆ ಮಾರಾಯ?” ಎಂದರು ಮಾವ.

ನಾಳೆ ನನ್ನನ್ನೂ ಕೊಸರು ಅಂತ ಲಾರಿ ಹತ್ತಿಸ್ತಾರೆ ಎಂದು ಅತ್ತೆ ಗೊಣಗುತ್ತಿದ್ದರು. ನಾನಂತೂ ಗೆಳೆಯರ ಮುಂದೆ ಮಾವನನ್ನು ‘ಹದಿಮೂರನೇ ಚಿಲಕ’ ಎಂದೇ ಕರೆದು ನಗಿಸುತ್ತಿದ್ದೆ.

ಹೊಸ ಶತಮಾನ ಬಂತು. ಅದರ ಜೊತೆಗೇ ಮಂಗಳೂರಿನಿಂದ ಒಂದು ಆಹ್ವಾನ ಪತ್ರಿಕೆಯೂ ಬಂತು: ಬಂದರು ನಗರದ ಏಳಿಗೆಗೆ ದುಡಿದ ವ್ಯಾಪಾರಿಗಳಿಗೆ ಸನ್ಮಾನ! ಮಾವ ಅದನ್ನು ಬಜಾರಿನ ಪ್ರತಿ ಅಂಗಡಿಗೂ ತೋರಿಸಿ ಬಂದರು. ಇಷ್ಟು ವರ್ಷ ನಕ್ಕವರೆಲ್ಲ ಇನ್ನು ಬಾಯಿ ಮುಚ್ಚಬೇಕಿತ್ತು. ಹದಿನಾರು ಪುಟದ ಭಾಷಣ ಬರೆದುಕೊಂಡರು. ಘಾಟಿಯ ಒಂದೊಂದು ತಿರುವಿನಲ್ಲೂ ನಿಂಬೆಹಣ್ಣು ಮೂಸುತ್ತ, ಭಾಷಣದ ಚೀಲವನ್ನು ಎದೆಗೊತ್ತಿಕೊಂಡೇ ಇಳಿದರು. ಪಕ್ಕದಲ್ಲಿ ನಾನು.

ವೇದಿಕೆಯ ಮೇಲೆ ಸಾಲಾಗಿ ನಲವತ್ತು ಜನ. ಮಾವನ ಸರದಿ ಬಂದಾಗ ನಿರೂಪಕ, “ಶಿವಮೊಗ್ಗದ ಹಿರಿಯ ಅಡಿಕೆ ವ್ಯಾಪಾರಿಗಳು!” ಎಂದು ಘೋಷಿಸಿದ. ಶಿವಮೊಗ್ಗದವರು ಎಂದಮೇಲೆ ಅಡಿಕೆಯಲ್ಲದೆ ಮತ್ತೇನು! ಶಾಲು ಬಿತ್ತು, ಹಾರ ಬಿತ್ತು, ಬಾಯಿ ತೆರೆಯುವಷ್ಟರಲ್ಲಿ ಮುಂದಿನವರ ಹೆಸರು ಕೂಗಿಯಾಗಿತ್ತು. ಊಟದ ಪಂಕ್ತಿಯಲ್ಲಿ ಮಾವ ಪಾಯಸ ಬಡಿಸುವವನಿಗೂ ‘ಅಡಿಕೆ ಅಲ್ಲಪ್ಪ, ಚಿಲಕ’ ಎಂದು ವಿವರಿಸಿದರು. ಕೊನೆಗೆ ಕೈಯನ್ನು ಎಲೆಯ ಮೇಲೇ ಬಿಟ್ಟು, “ನಾನೇನೂ ಮಾಡೇ ಇಲ್ವೇನೋ” ಎಂದರು. ನನಗೆ ನಗು ಬರಲಿಲ್ಲ.

ಎಲೆ ತೆಗೆಯುತ್ತಿದ್ದ ಹೆಂಗಸೊಬ್ಬಳು ನಿಂತಳು. ತ್ರಿಶೂಲದ ಗುರುತಿನ ಚಿಲಕವೇ ಎಂದು ಕೇಳಿದಳು. ಮಾವ ತಲೆಯಾಡಿಸಿದರು.

“ನೀವು ಹೆಚ್ಚಿಗೆ ಹಾಕಿ ಕಳಿಸ್ತಿದ್ರಲ್ಲ ಧಣಿ, ಅದನ್ನು ಮೇಸ್ತ್ರಿ ನಮ್ಮಂಥ ಕೂಲಿಯವರಿಗೆ ಕೊಡ್ತಿದ್ರು. ಅಲ್ಲಿವರೆಗೆ ನಾನು ಬಾಗಿಲಿಗೆ ಹಗ್ಗ ಕಟ್ಟಿ ಮಲಗ್ತಿದ್ದೆ. ಗಂಡ ಪಾಳಿಗೆ ಹೋದಾಗ ಮಕ್ಕಳನ್ನು ಇಟ್ಕೊಂಡು ಹೆದರದೆ ನಿದ್ದೆ ಮಾಡಿದ್ದು ಆಮೇಲೆಯೇ.”

ಊಟವಾದ ಮೇಲೆ ಸಮುದ್ರ ನೋಡುವುದೆಂದು ಮೊದಲೇ ನಿಶ್ಚಯವಾಗಿತ್ತು. ಮಾವ ಬೇಡವೆಂದರು. ಆಕೆಯ ಮನೆಗೆ ಹೋದೆವು. ಬಂದರಿನ ಹಿಂದಿನ ಓಣಿಯಲ್ಲಿ ಒಂದೇ ಕೋಣೆ. ಮಾವ ಚಪ್ಪಲಿ ಬಿಟ್ಟು, ಆಕೆಯನ್ನು ಕೇಳಿ, ಒಬ್ಬರೇ ಒಳಗೆ ಹೋಗಿ ಚಿಲಕ ಹಾಕಿ ನೋಡಿದರು. ಬಹಳ ಹೊತ್ತು ತೆಗೆಯಲಿಲ್ಲ. ಒಳಗೆ ಅವರು ಅಳುತ್ತಿದ್ದದ್ದು ನನಗೆ ಕೇಳಿಸಿತು. ಬಾಗಿಲು ಬಡಿಯಲು ಎತ್ತಿದ ಕೈಯನ್ನು ಇಳಿಸಿ, ನಾಚಿಕೆಯಿಂದ ತಲೆ ತಗ್ಗಿಸಿಕೊಂಡು ನಾನು ಹೊರಗೇ ನಿಂತೆ.