ಅಕ್ಕನ ನೊರೆ ವಿಚಾರಣೆ

ನನ್ನ ಅಕ್ಕನಿಗೆ ಊರಿನವರ ಮೂತ್ರದ ಮೇಲೆ ಇರುವಷ್ಟು ಆಸಕ್ತಿ ಈ ಲೋಕದ ಬೇರೆ ಯಾವ ವಸ್ತುವಿನ ಮೇಲೂ ಇಲ್ಲ. ಮೊದಲ ಸಾಲಿನಲ್ಲೇ ಇಂಥ ಮಾತೇ ಎಂದು ಮೂಗು ಮುರಿಯಬೇಡಿ. ಡೊಂಬಿವಲಿಯ ನನ್ನ ಹೋಟೆಲಿಗೆ ಬಂದು ನೀವು ಒಂದು ಪ್ಲೇಟ್ ಇಡ್ಲಿ ತಿಂದಿದ್ದರೆ, ನಿಮ್ಮ ಮೂತ್ರದ ಬಣ್ಣವೇನು, ರಾತ್ರಿ ಎದ್ದು ಹೋಗುತ್ತೀರೋ ಇಲ್ಲವೋ, ಎಲ್ಲವೂ ಅವಳಿಗೆ ಈಗಾಗಲೇ ಗೊತ್ತಿರುತ್ತಿತ್ತು. ಅಕ್ಕಪಕ್ಕದ ಮೇಜಿನವರಿಗೂ ಗೊತ್ತಿರುತ್ತಿತ್ತು. ಅವಳ ಸ್ವರ ಅಂಥದ್ದು!

ಅಕ್ಕ ಬೇಲಾಪುರದ ಸರಕಾರಿ ಕಚೇರಿಯಲ್ಲಿ ಗುಮಾಸ್ತೆಯಾಗಿದ್ದು ನಿವೃತ್ತಳಾದವಳು. ಮದುವೆಯಾಗಲಿಲ್ಲ, ನಮ್ಮ ಜೊತೆಗೇ ಇದ್ದಾಳೆ. ನಾನು ಉಡುಪಿ ಕಡೆಯ ಹಳ್ಳಿಯಲ್ಲಿ ಏಳನೆಯ ಕ್ಲಾಸಿಗೆ ಶಾಲೆ ಬಿಟ್ಟು, ಇಲ್ಲಿಗೆ ಬಂದು ತಟ್ಟೆ ತೊಳೆಯುತ್ತಾ ಗಲ್ಲಾಪೆಟ್ಟಿಗೆಯವರೆಗೆ ತಲುಪಿದವನು. ಓದಿದವಳು ಅವಳು, ನಾಚಿಕೆಯವನು ನಾನು.

ನಿವೃತ್ತಿಯಾದ ಮರುವರ್ಷ ಅವಳ ಕಾಲು ಬಾತಿತು. ಚಪ್ಪಲಿ ಕುಗ್ಗಿತೆಂದು ಅಂಗಡಿಯವನೊಡನೆ ಜಗಳವಾಡಿ ದೊಡ್ಡದನ್ನು ತಂದಳು. ಮುಖ ಊದಿತು. "ಪಿಂಚಣಿ ಮೈಗೆ ಹಿಡಿದದ್ದು" ಎಂದಳು. ಆಸ್ಪತ್ರೆಗೆ ಹೋಗುವಷ್ಟರಲ್ಲಿ ಎರಡೂ ಮೂತ್ರಪಿಂಡಗಳು ಕೈಬಿಟ್ಟಿದ್ದವು. ಈಗ ದಿನ ಬಿಟ್ಟು ದಿನ ನವಿ ಮುಂಬಯಿಯ ಆಸ್ಪತ್ರೆಯಲ್ಲಿ ಡಯಾಲಿಸಿಸ್. ಆ ದಿನ ಯಂತ್ರವು ಅವಳ ರಕ್ತ ತೊಳೆಯುತ್ತದೆ. ಉಳಿದ ದಿನಗಳಲ್ಲಿ ಅವಳು ಊರನ್ನು ತೊಳೆಯುತ್ತಾಳೆ!

"ನನಗೆ ಮೊದಲೇ ಯಾರಾದ್ರೂ ಹೇಳಿದ್ರೆ ಇಲ್ಲಿಗೆ ಬರ್ತಿರ್ಲಿಲ್ಲ. ನಾನು ಹೇಳ್ತೇನೆ, ಕೇಳುವವರು ಕೇಳ್ಲಿ" ಎಂದು ಹೋಟೆಲಿನಲ್ಲಿ ಗಲ್ಲಾಪೆಟ್ಟಿಗೆಯ ಪಕ್ಕ ಕುರ್ಚಿ ಹಾಕಿಕೊಂಡಳು. ಒಬ್ಬರು ಮರಾಠಿ ಹಿರಿಯರು ದಿನಾ ಬೆಳಿಗ್ಗೆ ಬರುತ್ತಿದ್ದರು. ನಮ್ಮ ಕಾಫಿ ಎಂದರೆ ಅವರಿಗೆ ಪ್ರಾಣ. ಒಂದು ದಿನ ಲೋಟ ಎತ್ತಿ ತುಟಿಗಿಡುವುದಕ್ಕೂ ಅಕ್ಕ ಕೇಳುವುದಕ್ಕೂ ಸರಿಹೋಯಿತು.

"ಕಾಕಾ, ಲಘವೀಲಾ ಫೇಸ್ ಯೇತೋ ಕಾ?"

ಮೂತ್ರದಲ್ಲಿ ನೊರೆ ಬರುತ್ತದೆಯೇ ಎಂದು! ಅವರು ಅಕ್ಕನನ್ನು ನೋಡಿದರು. ಆಮೇಲೆ ಕಾಫಿಯ ಮೇಲೆ ಎದ್ದುನಿಂತಿದ್ದ ನೊರೆಯನ್ನು ನೋಡಿದರು. ಲೋಟವನ್ನು ಮೆಲ್ಲಗೆ ಕೆಳಗಿಟ್ಟರು. ಅಂದಿನಿಂದ ನಮ್ಮಲ್ಲಿ ಅವರು ಚಹಾ ಮಾತ್ರ ಕುಡಿಯುತ್ತಾರೆ.

"ಅಕ್ಕಾ, ಇದು ತಿನ್ನುವ ಜಾಗ ಮಾರಾಯ್ತಿ!" ಎಂದೆ.

"ಹೌದಾ? ತಿಂದದ್ದು ಮತ್ತೆ ಎಲ್ಲಿಗೆ ಹೋಗ್ತದೆ? ನೀನು ಒಳಗೆ ಹೋಗುವುದನ್ನು ನೋಡಿಕೋ, ಹೊರಗೆ ಬರುವುದನ್ನು ನಾನು ನೋಡ್ತೇನೆ."

ಹೀಗೆ ಅಕ್ಕ ತಮ್ಮನ ನಡುವೆ ವಿಭಾಗ ಪತ್ರವಾಯಿತು.

ರೈಲ್ವೆ ಪ್ಲಾಟ್‌ಫಾರ್ಮನ್ನೂ ಅವಳು ಬಿಡಲಿಲ್ಲ. ಆಸ್ಪತ್ರೆಗೆ ಹೋಗುವ ದಿನ ಠಾಣೆ ಸ್ಟೇಷನ್ನಿನಲ್ಲಿ ಇಳಿದು ವಾಶಿಯ ರೈಲಿಗೆ ಕಾಯುವಾಗ ಆಫೀಸಿಗೆ ಹೊರಟ ಹುಡುಗಿಯರನ್ನು ಹಿಡಿಯುತ್ತಾಳೆ. ಲೋಕಲ್ ರೈಲಿನಲ್ಲಿ ಶೌಚಾಲಯವಿಲ್ಲ, ಹಾಗಾಗಿ ಮನೆಯಿಂದ ಹೊರಟ ಹೆಂಗಸರು ನೀರೇ ಮುಟ್ಟುವುದಿಲ್ಲ ಎಂಬುದು ಅವಳ ದೊಡ್ಡ ಆಕ್ಷೇಪ. ಒಂದು ಹುಡುಗಿಯ ಚೀಲದಿಂದ ಬಾಟಲಿಯನ್ನು ತಾನೇ ಎಳೆದು ತೆಗೆದು, "ಪೀ ಲೇ ಬೇಟಾ, ಮೇರೇ ಸಾಮ್ನೇ ಪೀ" ಎಂದಳು. ಹುಡುಗಿ ಹೆದರಿ ಗಟಗಟ ಕುಡಿದು, "ಆಂಟಿ, ಆಪ್ ಭೀ ಲೋ" ಎಂದು ಉಳಿದದ್ದನ್ನು ಚಾಚಿದಳು.

"ನಹೀ ಬೇಟಾ, ಮೇರಾ ಕೋಟಾ ಖತಮ್."

ಹುಡುಗಿ ನಕ್ಕಳು. ಅಕ್ಕನಿಗೆ ದಿನಕ್ಕೆ ಕುಡಿಯಲು ಡಾಕ್ಟರರು ಬಿಟ್ಟಿರುವ ನೀರು ಎರಡು ಲೋಟವೂ ಇಲ್ಲವೆಂದು ಅವಳಿಗೇನು ಗೊತ್ತು?

ಪಕ್ಕದ ಔಷಧಿ ಅಂಗಡಿಯವನಿಗೂ ಅಕ್ಕನೆಂದರೆ ಜ್ವರ ಬರುತ್ತದೆ. ಚೀಟಿ ಇಲ್ಲದೆ ಯಾರಾದರೂ ನೋವಿನ ಗುಳಿಗೆ ಕೇಳಿದರೆ ಇವಳು ಇಲ್ಲಿಂದಲೇ ಕೂಗುತ್ತಾಳೆ, "ಏ, ರೋಜ್ ರೋಜ್ ಮತ್ ಖಾ, ಕಿಡ್ನಿ ಜಾಯೇಗೀ!" ದಿನಾ ತಿಂದರೆ ಕಿಡ್ನಿ ಹೋದೀತೆಂದು ಕೇಳಿ ಗಿರಾಕಿ ನೋವನ್ನು ಮರೆತು ಓಡುತ್ತಾನೆ.

ಇದರಲ್ಲಿ ನನಗೆ ಒಂದು ವಿಚಿತ್ರ ಕಾಣಿಸುತ್ತಿತ್ತು. ಆ ಗುಳಿಗೆಯನ್ನು ದಿನವೂ ನುಂಗುತ್ತಿದ್ದವನು ನಾನು. ಇಡೀ ದಿನ ನಿಂತು ಕಾಲು ಸಿಡಿಯುತ್ತಿತ್ತು. ಇತ್ತೀಚೆಗೆ ರಾತ್ರಿ ಪದೇಪದೇ ಏಳುತ್ತಿದ್ದೆ. ನಡುಕೋಣೆಯಲ್ಲಿ ಮಲಗುವ ಅಕ್ಕನನ್ನು ದಾಟಿಯೇ ಹೋಗಬೇಕು. ಕಳವಾ ಸ್ಟೇಷನ್ನಿನಿಂದ ಕಲ್ಯಾಣದವರೆಗಿನ ಅಪರಿಚಿತರ ನೊರೆಯನ್ನೆಲ್ಲ ವಿಚಾರಿಸುವ ಈ ಹೆಂಗಸು ನನ್ನನ್ನು ಒಂದು ಸಲವೂ ಕೇಳಲಿಲ್ಲ! ಯಾಕಿರಬಹುದು?

ಕಾರಣ ನನಗೆ ಅರ್ಧ ಗೊತ್ತಿತ್ತು. ಅದನ್ನು ಬರೆಯಲು ಕೈ ಬರುವುದಿಲ್ಲ, ಆದರೂ ಬರೆಯುತ್ತೇನೆ. ನಮ್ಮಿಬ್ಬರದೂ ಒಂದೇ ರಕ್ತದ ಗುಂಪು. ಮೊದಲ ಸಲ ಹೋದಾಗಲೇ ಡಾಕ್ಟರರು, ಮೂತ್ರಪಿಂಡ ಕೊಡಬಲ್ಲ ಒಡಹುಟ್ಟಿದವರು ಯಾರಾದರೂ ಇದ್ದಾರೆಯೇ ಎಂದು ಕೇಳಿದ್ದರು. "ತಮ್ಮ ಇದ್ದಾನೆ. ಅವನಿಗೆ ಹೋಟೆಲುಂಟು" ಎಂದಳು ಅಕ್ಕ. ಪಕ್ಕದಲ್ಲೇ ಕೂತಿದ್ದ ನಾನು, "ಹೌದು, ಹೋಟೆಲುಂಟು" ಎಂದೆ. ಹೋಟೆಲು ಇದ್ದವನಿಗೆ ಎರಡೂ ಮೂತ್ರಪಿಂಡಗಳು ಬೇಕೆಂದು ನನಗೆ ಹೇಳಿದವರು ಯಾರೋ! ಹೆಂಡತಿ ಬೇಡವೆಂದಳು ಎಂದಾದರೂ ಹೇಳಿ ನುಣುಚಿಕೊಳ್ಳೋಣವೆಂದರೆ, ಆ ಪುಣ್ಯಾತ್ಗಿತ್ತಿ ಹಾಗೆ ಹೇಳಲೇ ಇಲ್ಲ.

ಹೀಗಿರುವಾಗ ಅಕ್ಕ ಒಂದು ಸಭೆಯನ್ನು ಹುಟ್ಟುಹಾಕಿದಳು. ರವಿವಾರ ಸಂಜೆ, ಕನ್ನಡ ಸಂಘದ ಸಭಾಭವನ. ಹೋಟೆಲಿನ ಕರಿಹಲಗೆಯ ಮೇಲೆ ಬರೆಯುವ ಕೆಲಸ ನನ್ನದು. "ಬರಿ: ಮೂತ್ರಪಿಂಡ ದಾನ, ಉಚಿತ ಮಾಹಿತಿ, ಎಲ್ಲರೂ ಬನ್ನಿ." ಹಲಗೆಯ ಮೇಲೆ ಆಗಲೇ 'ಇಂದಿನ ವಿಶೇಷ: ನೀರುದೋಸೆ' ಎಂದಿತ್ತು. ಅದರ ಕೆಳಗೆ ಮೂತ್ರವೆಂದು ಬರೆಯಲು ಹೋಟೆಲಿನವನ ಕೈ ಹೇಗೆ ಬಂದೀತು, ನೀವೇ ಹೇಳಿ! ಅಕ್ಕ ಎದುರು ನಿಂತಿದ್ದಳೆಂದು ಬರೆದೆ. ಅವಳು ಆಚೆ ಹೋದದ್ದೇ ತಡ, ಆ ಒಂದು ಶಬ್ದವನ್ನು ಬಟ್ಟೆಯಿಂದ ಒರೆಸಿಬಿಟ್ಟೆ. ಬಟ್ಟೆ ತಾಗಿ 'ಮಾಹಿತಿ'ಯೂ ಹೋಯಿತು. ಉಳಿದದ್ದು 'ಪಿಂಡ ದಾನ, ಉಚಿತ, ಎಲ್ಲರೂ ಬನ್ನಿ'.

ರವಿವಾರ ಸಭಾಭವನದಲ್ಲಿ ಕಾಲಿಡಲು ಜಾಗವಿಲ್ಲ! ಕೆಲವರು ಎಳ್ಳು ತಂದಿದ್ದರು. ಒಬ್ಬರು ತಾಯಿಯ ಕಡೆಯವರಿಗೂ ಸೇರಿಸಿ ಕೊಡಬಹುದೇ ಎಂದು ವಿಚಾರಿಸಿದರು. ಕಲ್ಯಾಣದಿಂದ ಒಬ್ಬರು ಭಟ್ಟರು ದರ್ಭೆಯ ಕಟ್ಟಿನೊಡನೆ ಬಂದು, "ಇಷ್ಟು ಮಂದಿಗೆ ಒಬ್ಬನೇ ಮಾಡಿಸ್ಲಿಕ್ಕೆ ಆಗುದಿಲ್ಲ, ಮೊದಲೇ ಹೇಳ್ಬೇಕಿತ್ತು" ಎಂದು ಸಿಡುಕಿದರು.

ಅಕ್ಕ ನನ್ನ ಕಡೆ ಒಂದು ನೋಟ ಎಸೆದು ಎದ್ದು ನಿಂತಳು. "ಭಟ್ರೇ, ಅದು ಸತ್ತ ಮೇಲೆ ಕೊಡುವ ಪಿಂಡ. ನಾನು ಹೇಳ್ಲಿಕ್ಕೆ ಹೊರಟದ್ದು ಸಾಯದ ಹಾಗೆ ಮಾಡುವ ಪಿಂಡದ ವಿಷಯ. ಬಂದದ್ದು ಬಂದಿರಿ, ಕೂತ್ಕೊಳ್ಳಿ. ಬಿಪಿ ನೋಡಿಸಿಕೊಂಡು ಹೋಗಿ."

ಭಟ್ಟರ ಬಿಪಿ ಯಾರೂ ಊಹಿಸದಷ್ಟು ಮೇಲಿತ್ತು. ಆಮೇಲೆ ಅವರು ದರ್ಭೆಯನ್ನು ಕುರ್ಚಿಯ ಕೆಳಗಿಟ್ಟು ಮೊದಲ ಸಾಲಿನಲ್ಲಿ ಕೂತರು. ಸಕ್ಕರೆ ಕಾಯಿಲೆ, ಬಿಪಿ, ನೋವಿನ ಗುಳಿಗೆ, ಮುಖ ಕಾಲು ಬಾವು, ನೊರೆ, ಎಲ್ಲವನ್ನೂ ಅಕ್ಕ ಹೇಳಿದಳು. ನೋವಿಲ್ಲದೆ ಬರುವ ಕಾಯಿಲೆ ಇದು, ಮೂತ್ರ ಮತ್ತು ರಕ್ತ ಪರೀಕ್ಷೆ ಮಾಡಿಸಿದರೆ ಮಾತ್ರ ಬೇಗ ಗೊತ್ತಾಗುತ್ತದೆ ಎಂದಳು. ಕೊನೆಗೆ ಹಿಂದಿನಿಂದ ಒಬ್ಬ ಮುದುಕಿ ಕೇಳಿದರು, "ಬದುಕಿದ್ದವರಲ್ಲಿ ಯಾರು ಕೊಡ್ಬಹುದಮ್ಮಾ?"

"ತಂದೆ, ತಾಯಿ, ಮಕ್ಕಳು, ಗಂಡ, ಹೆಂಡತಿ..." ಎಂದು ಅಕ್ಕ ಎಣಿಸಿದಳು.

"ಅಣ್ಣ ತಮ್ಮ ಆಗುದಿಲ್ವಾ?"

ಎಣಿಸುತ್ತಿದ್ದ ಬೆರಳುಗಳನ್ನು ಅಕ್ಕ ಮಡಚಿಕೊಂಡಳು. "ಆಗ್ತದೆ. ಅವರವರ ಅನುಕೂಲ" ಎಂದಳು.

ನಾನು ಚಹಾದ ಫ್ಲಾಸ್ಕಿನ ಹಿಂದೆ ಬಗ್ಗಿ, ಮುಚ್ಚಿಯೇ ಇದ್ದ ಮುಚ್ಚಳವನ್ನು ಮತ್ತೆ ಮತ್ತೆ ಮುಚ್ಚುತ್ತಿದ್ದೆ.

ಮುಂದಿನ ಸಲ ಅವಳನ್ನು ಆಸ್ಪತ್ರೆಗೆ ಕರೆದೊಯ್ಯುವಾಗ, ರೈಲು ಮುಂಬ್ರಾ ದಾಟುತ್ತಿದ್ದಂತೆ ಹೇಳಿದೆ, "ಅಕ್ಕಾ, ಇವತ್ತು ನಾನೂ ಪರೀಕ್ಷೆ ಮಾಡಿಸ್ತೇನೆ." ಅವಳು ಕಿಟಕಿಯಾಚೆಯ ಗುಡ್ಡವನ್ನೇ ನೋಡುತ್ತಾ, "ಹೋಟೆಲು ಯಾರು ನೋಡ್ತಾರೆ?" ಎಂದಳು. "ಹೋಟೆಲು ತನ್ನಷ್ಟಕ್ಕೆ ಇರ್ತದೆ" ಎಂದೆ. ಠಾಣೆ ಬರುವವರೆಗೆ ಅವಳು ಯಾರನ್ನೂ ಏನನ್ನೂ ಕೇಳಲಿಲ್ಲ.

ವರದಿ ಬಂದ ದಿನ ಡಾಕ್ಟರರು ಕಾಗದವನ್ನು ನೋಡಿದರು, ನನ್ನನ್ನು ನೋಡಿದರು. "ಅಣ್ಣಾ, ಆಪ್ ಡೋನರ್ ನಹೀ ಬನ್ ಸಕ್ತೇ. ಆಪ್ ತೋ ಪೇಶಂಟ್ ಹೋ."

ಮೂತ್ರಪಿಂಡ ಕೊಡಲು ಹೋದವನೇ ರೋಗಿ ಎಂದು! ನನಗೆ ಸಕ್ಕರೆ ಕಾಯಿಲೆಯಿತ್ತು. ಮೂತ್ರದಲ್ಲಿ ಪ್ರೋಟೀನು ಸೋರಲು ಶುರುವಾಗಿತ್ತು. ಬೇಗ ಗೊತ್ತಾಗಿದೆ, ನೋವಿನ ಗುಳಿಗೆ ಬಿಟ್ಟು, ಊಟ ಔಷಧಿ ಸರಿಯಿಟ್ಟರೆ ತಡೆಯಬಹುದು ಎಂದರು. ನಾನು ಕೇಳಿದ್ದು ಬೇರೆ. ಅಕ್ಕನಿಗೆ ಕಾಯಿಲೆಯೆಂದು ತಿಳಿದಾಗಲೇ ಬಂದಿದ್ದರೆ ನನ್ನದನ್ನು ಕೊಡಬಹುದಿತ್ತೇ? "ಅದನ್ನು ಈಗ ಹೇಳಲಾಗದು" ಎಂದರು. ಹೌದೆಂದಿದ್ದರೆ ಒಂದೇ ಸಲ ಅತ್ತು ಮುಗಿಸುತ್ತಿದ್ದೆ. ಇಲ್ಲವೆಂದಿದ್ದರೆ ನಿದ್ದೆ ಬರುತ್ತಿತ್ತು.

ಅಕ್ಕನ ಡಯಾಲಿಸಿಸ್ ಮುಗಿಯಿತು. ಸ್ಟೇಷನ್ನಿನ ಬೆಂಚಿನಲ್ಲಿ ಕೂತು ಎಲ್ಲ ಹೇಳಿದೆ. ಹೋಟೆಲು ಬರೀ ನೆಪ, ನಾನು ಹೆದರಿ ಕೂತಿದ್ದೆ ಎಂದೂ ಹೇಳಿದೆ.

"ಅದು ನನಗೆ ಗೊತ್ತಿಲ್ವಾ ಮಾರಾಯ? ಸಣ್ಣಲ್ಲಿ ಸೂಜಿ ಚುಚ್ಚುವವರು ಬಂದ್ರೆ ಹಟ್ಟಿಯಲ್ಲಿ ದನದ ಹಿಂದೆ ಅಡಗ್ತಿದ್ದಿ."

"ಮತ್ತೆ ಊರಿಗೆಲ್ಲ ಕೇಳಿದವಳು ನನ್ನನ್ನು ಯಾಕೆ ಕೇಳ್ಲಿಲ್ಲ?"

ರಸ್ತೆಯಾಚೆಗೂ ಕೇಳಿಸುವ ಅವಳ ಸ್ವರ ಆಗ ನನಗೆ ಮಾತ್ರ ಕೇಳಿಸುವಷ್ಟಾಯಿತು.

"ನಿನ್ನ ಹತ್ರ ಆ ಸುದ್ದಿ ಎತ್ತಿದ್ರೆ, ನಾನು ನಿನ್ನ ಕಿಡ್ನಿಯನ್ನೇ ಕೇಳಿದ ಹಾಗೆ ಆಗ್ತದೆ ಅಂತ ಹೆದ್ರಿಕೆ ಆಯ್ತು. ಕೇಳಿದ್ರೆ ನೀನು ಇಲ್ಲ ಅನ್ಲಿಕ್ಕಿಲ್ಲ. ರಾತ್ರಿ ನೀನು ಏಳುದೆಲ್ಲ ನನಗೆ ಕೇಳ್ತಿತ್ತು. ಕೇಳಿಯೂ ಕಣ್ಣು ಮುಚ್ಚಿ ಮಲಗಿದೆ. ನಂದೇ ತಪ್ಪಾಯ್ತು ತಮ್ಮಾ. ಸಿಟ್ಟು ಮಾಡ್ಬೇಡ."

ನಾನು ಆಡಬೇಕಿದ್ದ ಮಾತನ್ನು ಅವಳು ಆಡುತ್ತಿದ್ದಳು. ಅವಳ ಎಡಗೈ ನನ್ನ ಮೊಣಕಾಲ ಮೇಲೆ ಬಂತು. ಡಯಾಲಿಸಿಸ್‌ಗೆಂದು ರಕ್ತನಾಳಗಳನ್ನು ಸೇರಿಸಿ ಹೊಲಿದು, ಹಗ್ಗದಂತೆ ಉಬ್ಬಿದ ಕೈ ಅದು. ಇಷ್ಟು ಸಮಯ ಆ ಕಡೆ ನೋಡಲೂ ಹೆದರುತ್ತಿದ್ದವನು, ಅಂದು ಅದರ ಮೇಲೆ ಅಂಗೈ ಇಟ್ಟೆ. ಚರ್ಮದ ಕೆಳಗೆ ಅವಳ ರಕ್ತ ಗುಂಯ್ಯೆಂದು ಓಡುತ್ತಿತ್ತು, ಬೆಚ್ಚಗೆ, ಒಂದೇ ಸಮನೆ.

ಠಾಣೆಯ ರೈಲು ಬಂತು, ನಿಂತಿತು, ಹೋಯಿತು. ನಾನು ಕೈ ತೆಗೆಯಲಿಲ್ಲ.