ಅಗ್ರಹಾರದ ಸಸ್ಯಾಹಾರಿ ಪದ್ಮಿನಿ

ದುಡ್ಡು ಕೊಡುವವನಿಗೆ ಎಲ್ಲಿ ಹೋದರೂ ಮರ್ಯಾದೆ ಎನ್ನುತ್ತಾರೆ. ಹಾಗೆನ್ನುವವರು ಮೈಸೂರಿನಲ್ಲಿ ಏನನ್ನೂ ಕೊಂಡವರಲ್ಲ. ನಮ್ಮೂರಿನಲ್ಲಿ ಮಾರುವವನೇ ದೊಡ್ಡವನು. ಮಧ್ಯಾಹ್ನ ಒಂದೂವರೆಗೆ ಒಂದು ಬೀಗ ಬೇಕೆಂದು ಅಂಗಡಿಗೆ ಹೋಗಿ ನೋಡಿ. ಅರ್ಧ ಎಳೆದ ಷಟರಿನ ಕೆಳಗೆ ಎರಡು ಕಾಲು ಮಾತ್ರ ಕಾಣುತ್ತವೆ. ಆ ಕಾಲುಗಳು "ಊಟದ ಹೊತ್ತಲ್ವೇನ್ರೀ? ನಾಲ್ಕು ಗಂಟೆ ಮೇಲೆ ಬನ್ನಿ" ಎಂದು ಹೇಳಿ ಒಳಗೆ ಹೋಗುತ್ತವೆ. ನಾನು ಹೈಸ್ಕೂಲಿನಲ್ಲಿ ಗಣಿತ ಕಲಿಸುವ ಮೇಷ್ಟ್ರು. ಸಿಟ್ಟು ನನಗೆ ಸೀಮೆಸುಣ್ಣದಷ್ಟೇ ಅಗತ್ಯವಾದ ಸಾಮಾನು. ಆದರೆ ಇಷ್ಟು ವರ್ಷ ಮಕ್ಕಳ ಮೇಲೆ ಮಾಡಿದ ಸಿಟ್ಟನ್ನೆಲ್ಲ ಕೂಡಿಸಿದರೂ ಒಂದು ಹಳೆಯ ಕಾರು ಕೊಳ್ಳುವಾಗ ಬಂದ ಸಿಟ್ಟಿಗೆ ಸಮನಾಗುವುದಿಲ್ಲ.

ಹಳೆಯ ಕಾರೇ ಏಕೆ ಎಂದು ನೀವು ಕೇಳಬಹುದು. ನನ್ನ ಹೆಂಡತಿ ಸುಮಿತ್ರ ಆಗಲೇ ಕೇಳಿದ್ದಾಳೆ. ಗೋಕುಲಂನ ನಮ್ಮ ಬೀದಿಯಲ್ಲಿ ಯೋಗ ಕಲಿಯಲು ಬಂದ ಪರದೇಶದವರು ಕೂಡ ಕೇಳಿದ್ದಾರೆ. ಕಾರಣ ಸಣ್ಣದು. ನಾನು ಹುಡುಗನಾಗಿದ್ದಾಗ ನಮ್ಮ ಹಳ್ಳಿಗೆ ಒಂದು ಪದ್ಮಿನಿ ಕಾರು ಬಂದಿತ್ತು. ತಾಯಿಯಿಲ್ಲದ ನನ್ನನ್ನು ಸಾಕಿದ ಅಕ್ಕ ನನ್ನ ಕೈ ಹಿಡಿದುಕೊಂಡು ಅದರ ಸುತ್ತ ಎರಡು ಸುತ್ತು ಬಂದಳು. ಒಳಗೆ ಇಣುಕಿದ್ದಕ್ಕೆ ಡ್ರೈವರು ಗದರಿದ. ಅವತ್ತೇ ನಾನು, "ಅಕ್ಕ, ಇಂಥದ್ದೇ ತಂದು ನಿನ್ನ ಕೂರಿಸ್ತೀನಿ" ಎಂದಿದ್ದೆನಂತೆ. ನನಗೆ ಇದು ನೆನಪಿಲ್ಲ, ಅಕ್ಕನಿಗೆ ಇದೆ. ಮರೆಯುವುದಕ್ಕೂ ಅವಳು ಬಿಟ್ಟಿಲ್ಲ.

ನನ್ನ ಸ್ಕೂಟರ್ ರಿಪೇರಿ ಮಾಡುವ ಕೆಸರೆಯ ನಜೀರ್ ಸಾಹೇಬರು ಒಂದು ದಿನ ಕೈ ಒರೆಸಿಕೊಳ್ಳುತ್ತಾ, "ಸಾರ್, ಅಗ್ರಹಾರದಲ್ಲಿ ಒಂದು ಪದ್ಮಿನಿ ಐತೆ. ಇಪ್ಪತ್ತು ವರ್ಷದಿಂದ ಶೆಡ್ಡಿಂದ ಆಚೆ ಬಂದಿಲ್ಲ. ತಿಂಗಳಿಗೊಂದು ಸಲ ನಾನೇ ಹೋಗಿ ನೋಡ್ತೀನಿ. ಗಾಡಿ ಅಂದ್ರೆ ಗಾಡಿ!" ಎಂದರು. ಅಂದು ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಕಾರಿನ ಯಜಮಾನರು ಸೀತಾರಾಮಯ್ಯ, ಎಂಬತ್ತು ದಾಟಿದವರು. ಮೊದಲ ಸಲ ಹೋದಾಗ ರಾಹುಕಾಲ ಎಂದು ಶೆಡ್ಡಿನ ಬಾಗಿಲು ತೆಗೆಯಲಿಲ್ಲ. ಎರಡನೆಯ ಸಲ ಆಷಾಢ ಎಂದು ಮಾತೇ ತೆಗೆಯಲಿಲ್ಲ. ನಾನೇನು ಹೆಣ್ಣು ಕೇಳುವುದಕ್ಕೆ ಹೋಗಿದ್ದೆನೆ? ನಾಲ್ಕು ಚಕ್ರದ ಕಬ್ಬಿಣಕ್ಕೆ ಯಾವ ಆಷಾಢ! ಹಲ್ಲು ಕಚ್ಚಿಕೊಂಡು ಶ್ರಾವಣದಲ್ಲಿ ನಜೀರ್ ಸಾಹೇಬರನ್ನೂ ಕರೆದುಕೊಂಡು ಮತ್ತೆ ಹೋದೆ. ಆಗ ಬಾಗಿಲು ತೆರೆಯಿತು. ಮೂರು ಹಳೆಯ ಬೆಡ್‌ಶೀಟು, ಅದರ ಕೆಳಗೆ ಒಂದು ಜಮಖಾನ, ಅದನ್ನೂ ಸರಿಸಿದರೆ ಕೆನೆ ಬಣ್ಣದ ಪದ್ಮಿನಿ. ಒಂದು ಗೀರಿಲ್ಲ, ಒಂದು ಚುಕ್ಕಿ ತುಕ್ಕಿಲ್ಲ. ಸೀಟಿನ ಮೇಲೆ ಅಂಗಡಿಯ ಪ್ಲಾಸ್ಟಿಕ್ಕು ಹಾಗೇ ಇತ್ತು. ವರ್ಷಕ್ಕೊಮ್ಮೆ ಆಯುಧಪೂಜೆಯ ದಿನ ಚಕ್ರದಡಿ ನಿಂಬೆಹಣ್ಣಿಟ್ಟು, ನಜೀರ್ ಸಾಹೇಬರ ಕೈಯಲ್ಲಿ ಒಂದಡಿ ಮುಂದಕ್ಕೆ ತಳ್ಳಿಸಿ, ಮತ್ತೆ ಒಂದಡಿ ಹಿಂದಕ್ಕೆ ತಳ್ಳಿಸುತ್ತಿದ್ದರಂತೆ. ಇಪ್ಪತ್ತು ವರ್ಷದಲ್ಲಿ ಅದು ಮಾಡಿದ ಪ್ರಯಾಣ ಅಷ್ಟೇ. ಕೂಡಿ ಕಳೆದರೆ ಸೊನ್ನೆ. ಇದು ನನಗೆ ಅನ್ಯಾಯವೆನಿಸಿತು. ಓಡುವುದಕ್ಕೆ ಹುಟ್ಟಿದ ವಸ್ತುವನ್ನು ಹೀಗೆ ಕೂಡಿಹಾಕುವವರಿಗೆ ಏನು ಶಿಕ್ಷೆ ಎಂದು ಯೋಚಿಸುತ್ತಲೇ ಬಾನೆಟ್ಟನ್ನು ಸವರಿದೆ.

"ತಾವು ಯಾವ ಕಡೆಯವರು?" ಎಂದರು ಸೀತಾರಾಮಯ್ಯ.

"ಟಿ. ನರಸೀಪುರದ ಹತ್ತಿರ ಒಂದು ಹಳ್ಳಿ."

"ಅದಲ್ಲ. ಅಂದ್ರೆ... ತಂದೆಯವರು ಏನು ಮಾಡ್ತಿದ್ರು?"

"ಉಳ್ತಿದ್ರು" ಎಂದೆ. ನನ್ನ ಕಿವಿ ಆಗಲೇ ಬಿಸಿಯಾಗಿತ್ತು.

ಅವರು ಹೇಳಿದರು: "ತಪ್ಪು ತಿಳ್ಕೋಬೇಡಿ. ಈ ಕಾರು ತಗೊಂಡಿದ್ದೇ ನಮ್ಮ ಮನೆಯವಳಿಗೋಸ್ಕರ. ಅವಳು ಹೋದ್ಮೇಲೂ ಆ ಮುಂದಿನ ಸೀಟು ಅವಳದೇ. ಅವಳಿಗೆ ಆ ವಾಸನೆ ಆಗ್ತಿರಲಿಲ್ಲ. ಕಾರಲ್ಲಿ ಮಾಂಸ ಗೀಂಸ ತರೋದು ಇಟ್ಕೋಬಾರದು. ಹಾಗಂತ ಮಾತು ಕೊಡೋದಾದ್ರೆ ಗಾಡಿ ನಿಮ್ಮದು. ದುಡ್ಡಿನ ಮಾತು ಆಮೇಲೆ."

ಮೈಯೆಲ್ಲ ಉರಿದುಹೋಯಿತು. ನನ್ನ ದುಡ್ಡು, ನನ್ನ ಕಾರು, ಅದರೊಳಗೆ ಏನಿಡಬೇಕೆಂದು ಹೇಳುವುದಕ್ಕೆ ಇವರು ಯಾರು? ಕಾರಿಗೆ ಜಾತಿಯೇ, ಮಡಿಯೇ? ಅದು ಕುಡಿಯುವ ಪೆಟ್ರೋಲಾದರೂ ಏನು? ಭೂಮಿಯೊಳಗೆ ಯುಗಯುಗಾಂತರ ಕೊಳೆತ ಜೀವಜಂತುಗಳ ಸಾರು. ಅದಕ್ಕಿಂತ ಮಾಂಸಾಹಾರ ಬೇಕೇ? ಇಷ್ಟನ್ನೂ ಅವರ ಮುಖಕ್ಕೆ ಹೇಳಿ ಎದ್ದು ಬರಬೇಕೆಂದುಕೊಂಡೆ. ಆ ಹೊತ್ತಿಗೆ ನಜೀರ್ ಸಾಹೇಬರು ಕೀಲಿ ತಿರುಗಿಸಿದರು. ಒಂದೇ ಸಲಕ್ಕೆ ಎಂಜಿನ್ ಹಿಡಿಯಿತು. ಆ ಸದ್ದು ಕೇಳಿ ನನ್ನ ಬಾಯಿ ತಾನಾಗಿಯೇ "ಆಯಿತು ಸ್ವಾಮಿ, ಮಾತು ಕೊಟ್ಟೆ" ಎಂದುಬಿಟ್ಟಿತು. ಸೀತಾರಾಮಯ್ಯನವರ ಕಣ್ಣಲ್ಲಿ ನೀರು ಬಂತು. ಅದು ನನಗೆ ಇನ್ನೂ ಸಿಟ್ಟು ಬರಿಸಿತು. ಅಳುವವರ ಮೇಲೆ ರೇಗುವುದಕ್ಕೂ ಆಗುವುದಿಲ್ಲ ನೋಡಿ.

ಹೊರಗೆ ಬಂದು ನಜೀರ್ ಸಾಹೇಬರ ಹತ್ತಿರ ಹಾರಾಡಿದೆ. ಅವರು ಜಗುಲಿಯ ಪಕ್ಕದ ಕಲ್ಲಿನ ಮೇಲಿಟ್ಟಿದ್ದ ತಮ್ಮ ಊಟದ ಡಬ್ಬಿ ಎತ್ತಿಕೊಳ್ಳುತ್ತಾ, "ನಾನು ಇಷ್ಟು ವರ್ಷದಿಂದ ಇದನ್ನ ಇಲ್ಲೇ ಇಟ್ಟು ಒಳಗೆ ಹೋಗ್ತೀನಿ ಸಾರ್. ಇಡು ಅಂತ ಯಾರೂ ಹೇಳಿಲ್ಲ. ನೀವು ಕೇಳಿಸ್ಕೊಂಡಾದ್ರೂ ಒಪ್ಪಿದ್ರಿ" ಎಂದು ನಕ್ಕರು.

ಮನೆಗೆ ಬಂದು ಸುಮಿತ್ರಳ ಮುಂದೆ ಸ್ವಾಭಿಮಾನದ ಬಗ್ಗೆ ಅರ್ಧ ಗಂಟೆ ಮಾತಾಡಿದೆ. ಅವಳು ಸೊಪ್ಪು ಬಿಡಿಸುತ್ತಾ ಕೇಳಿಸಿಕೊಂಡು, "ಅಷ್ಟು ಸ್ವಾಭಿಮಾನ ಇದ್ರೆ ಮಾತ್ಯಾಕೆ ಕೊಟ್ರಿ?" ಎಂದಳು. ಹೆಂಡತಿಯರಿಗೆ ತತ್ತ್ವಶಾಸ್ತ್ರ ತಿಳಿಯುವುದಿಲ್ಲ.

ಕಾರು ಬಂತು. ಭಾನುವಾರ ಮಟನ್ ತರಲು ಎಂದಿನಂತೆ ಸ್ಕೂಟರಿನಲ್ಲೇ ಹೋದೆ. ಬರೀ ಮಾತಿಗೋಸ್ಕರ ಎಂದು ಮೊದಲು ಅಂದುಕೊಂಡಿದ್ದೆ. ಆದರೆ ಎರಡು ತಿಂಗಳಲ್ಲಿ ನನಗೇ ಏನೋ ಆಯಿತು. ಸುಮಿತ್ರ ಸೀಟಿನಲ್ಲಿ ಕೂತು ಮಸಾಲೆ ಕಡಲೆಬೀಜದ ಪೊಟ್ಟಣ ಬಿಚ್ಚಿದರೆ ಎದೆ ಧಸಕ್ಕೆನ್ನುತ್ತಿತ್ತು. ಭಾಮೈದ ಊರಿಂದ ತಂದ ಮೊಟ್ಟೆಯ ಟ್ರೇಯನ್ನು ಡಿಕ್ಕಿಯಲ್ಲಿಡಲು ಹೋದಾಗ ಮೊಟ್ಟೆ ಮಾಂಸವೇ, ಅಲ್ಲವೇ ಎಂದು ಬೀದಿಯಲ್ಲಿ ನಿಂತು ಜಗಳವಾಡಿ ಕೊನೆಗೆ ಅವನನ್ನು ಸಿಟಿ ಬಸ್ಸಿಗೆ ಹತ್ತಿಸಿದೆ. ಅವನು ಈಗ ನನ್ನ ಫೋನ್ ಎತ್ತುವುದಿಲ್ಲ. ಅವನಿಗೆ ಸಂಸ್ಕಾರವಿಲ್ಲ ಎಂದು ಸುಮಿತ್ರಳಿಗೆ ಹೇಳಿದೆ. ಯಾವ ಬಾಯಿಂದ ಹೇಳಿದೆನೋ, ಆ ಬಾಯಿಗೆ ಹಿಂದಿನ ದಿನದ ಕೈಮಾದ ರುಚಿ ಇನ್ನೂ ಅಂಟಿತ್ತು.

ಅಷ್ಟರಲ್ಲಿ ಅಕ್ಕ ಬರುತ್ತೇನೆಂದು ಫೋನ್ ಮಾಡಿದಳು. "ನೀನು ಆಟೋ ಗೀಟೋ ಹತ್ತಬೇಡ. ಬಸ್ ಸ್ಟ್ಯಾಂಡಿಗೆ ನಾನೇ ಕಾರು ತರ್ತೀನಿ" ಎಂದೆ. ಹಿಂದಿನ ದಿನವೆಲ್ಲ ಕಾರು ತಿಕ್ಕಿದೆ. ಅಕ್ಕ ಬಸ್ಸಿನಿಂದ ಇಳಿದಳು. ಮದುವೆ ಮನೆಗೆ ಉಡುವ ಹಸಿರು ಸೀರೆ ಉಟ್ಟಿದ್ದಳು. ಕಾರು ನೋಡಿ ಬಾಯಿ ಮೇಲೆ ಕೈಯಿಟ್ಟುಕೊಂಡಳು. ನಾನು ಮುಂದಿನ ಬಾಗಿಲು ತೆರೆದು ನಿಂತೆ. ಆಗ ಕಂಡಿತು, ಅವಳ ಇನ್ನೊಂದು ಕೈಯಲ್ಲಿ ಟವಲ್ ಸುತ್ತಿದ ನಾಲ್ಕು ಡಬ್ಬಿಯ ಕ್ಯಾರಿಯರು.

"ಏನಕ್ಕ ಅದು?"

"ನಾಟಿ ಕೋಳಿ ಸಾರು ಕಣ್ಲಾ. ನಿಂಗೆ ಅಂತ ನಾಕ್ ಗಂಟೆಗೇ ಎದ್ದು ಮಾಡ್ದೆ."

ಸೀತಾರಾಮಯ್ಯನವರು ಅಲ್ಲಿರಲಿಲ್ಲ. ಯಾರಿಗೂ ತಿಳಿಯುತ್ತಿರಲಿಲ್ಲ. ಆದರೂ ನನ್ನ ಕೈ ಬಾಗಿಲನ್ನು ಅರ್ಧ ಮುಚ್ಚಿತು. ಕೊಟ್ಟ ಮಾತಿನ ವಿಷಯ ತಡವರಿಸುತ್ತಾ ಹೇಳಿದೆ. ಕ್ಯಾರಿಯರನ್ನು ಮಾತ್ರ ಒಂದು ಆಟೋದಲ್ಲಿ ಕಳಿಸಿ ನಾವಿಬ್ಬರೂ ಕಾರಲ್ಲಿ ಹೋಗೋಣ ಎಂದೂ ಹೇಳಿದೆ. ಹೇಳಿದ ಮೇಲೆಯೇ ನಾನೇನು ಹೇಳಿದೆನೆಂದು ನನ್ನ ಕಿವಿಗೆ ಕೇಳಿಸಿತು.

ಅಕ್ಕ ಸಿಟ್ಟು ಮಾಡಿಕೊಳ್ಳಲಿಲ್ಲ. "ಮಾತು ಕೊಟ್ಟಿದ್ರೆ ತಪ್ಪಬ್ಯಾಡ ಬುಡು" ಎಂದಳು. ಸೀಟಿನ ಪ್ಲಾಸ್ಟಿಕ್ಕನ್ನು ಬೆರಳ ತುದಿಯಿಂದ ಒಂದು ಸಲ ಮುಟ್ಟಿ ನೋಡಿದಳು. "ಆದ್ರೆ ನಾನೂ ಅದ್ನೇ ಉಂಡ್ಕಂಡ್ ಬಂದಿವ್ನಿ ಕಣಪ್ಪ. ಡಬ್ಬೀಲಿರೋದು ಬ್ಯಾಡ ಅಂದ್ಮೇಕೆ ಒಟ್ಟೇಲಿರೋದು ಎಂಗೆ ಸರಿ? ನಾನೂ ಆಟೋದಾಗೇ ಬತ್ತೀನಿ."

ಬೇಡವೆಂದರೂ ಕೇಳದೆ ಆಟೋ ಹತ್ತಿ ಕ್ಯಾರಿಯರನ್ನು ತೊಡೆಯ ಮೇಲಿಟ್ಟುಕೊಂಡಳು. ನಾನು ಪಕ್ಕದಲ್ಲೇ ಕೀಲಿ ಹಿಡಿದು ನಿಂತಿದ್ದೆ. ಆಟೋದವನು ಪದ್ಮಿನಿಯನ್ನೇ ನೋಡುತ್ತಾ, "ಏನ್ ಗಾಡಿ ಕಣಮ್ಮ! ಯಾರವ್ವಾ ಅವ್ರು?" ಎಂದು ಕೇಳಿದ.

"ಯಾರೋ ದೊಡ್ಡೋರು ಕಣಪ್ಪ. ನೀನ್ ನಡಿ" ಎಂದಳು ಅಕ್ಕ.

ಗೋಕುಲಂವರೆಗೂ ಆ ಆಟೋದ ಹಿಂದೆಯೇ ಬಂದೆ. ದಾರಿಯುದ್ದಕ್ಕೂ ಜನ ತಿರುಗಿ ತಿರುಗಿ ಕಾರನ್ನು ನೋಡುತ್ತಿದ್ದರು. ನನಗೆ ಒಂದು ಸಲ ಹಾರ್ನ್ ಹೊಡೆಯುವ ಧೈರ್ಯವೂ ಆಗಲಿಲ್ಲ.